ಬಾಟಲಿ ಲೆಕ್ಕ ತಪ್ಪಿದಾಗ ಆ್ಯಪ್ ಏನು ಮಾಡಬೇಕು?

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಕಾಲೇಜು ಪ್ರಾಜೆಕ್ಟಿಗೆ ಸ್ಮಾರ್ಟ್ ನೀರಿನ ಬಾಟಲಿ ಮಾಡಿದ್ದೇವೆ. ತಳದಲ್ಲಿ ತೂಕದ ಸೆನ್ಸರ್ ಇದೆ, ಕುಡಿದ ಲೆಕ್ಕ ಬ್ಲೂಟೂತ್‌ನಲ್ಲಿ ಫೋನಿಗೆ ಹೋಗುತ್ತದೆ. ಆ್ಯಪಿನ ಮೊದಲ ಪರದೆಯಲ್ಲೇ ಗ್ರಾಫ್, ಬ್ಯಾಡ್ಜ್, ವಾರದ ಪಟ್ಟಿ ಎಲ್ಲ ಹಾಕಿದೆವು. ಅಮ್ಮನಿಗೆ ಕೊಟ್ಟರೆ ಎರಡೇ ದಿನಕ್ಕೆ ನೋಟಿಫಿಕೇಶನ್ ಬಂದ್ ಮಾಡಿಬಿಟ್ಟರು! ಎಲ್ಲಿ ಎಡವಿದೆವು?
– ಓದುಗ, ದಾವಣಗೆರೆ

ಉತ್ತರ: ನಿಮ್ಮ ಅಮ್ಮ ದುಡ್ಡಿಲ್ಲದೆ ಒಳ್ಳೇ ಪರೀಕ್ಷೆ ಮಾಡಿಕೊಟ್ಟಿದ್ದಾರೆ. ಅವರಿಗೆ ಬೇಕಿರುವುದು ಇಷ್ಟೇ: ಇವತ್ತು ಎಷ್ಟು ಕುಡಿದೆ. ಅದೊಂದನ್ನೇ ದೊಡ್ಡದಾಗಿ ತೋರಿಸಿ. ಕೆಳಗೆ ಸಣ್ಣದಾಗಿ, ಬಾಟಲಿಯಿಂದ ಲೆಕ್ಕ ಬಂದು ಎಷ್ಟು ಹೊತ್ತಾಯಿತು ಅಂತ ಹಾಕಿ. ಬ್ಲೂಟೂತ್ ಕಡಿದುಹೋದಾಗ, ಅರ್ಧ ಬಾಟಲಿ ಕುಡಿದವರಿಗೂ ಸೊನ್ನೆ ಕಂಡರೆ ಆಮೇಲೆ ಆ್ಯಪನ್ನು ಯಾರೂ ನಂಬುವುದಿಲ್ಲ.

ನಿಜವಾದ ತಲೆನೋವು ಬೇರೆಯೇ ಇದೆ. ತೂಕದ ಸೆನ್ಸರಿಗೆ ಗೊತ್ತಾಗುವುದು ತೂಕ ಇಳಿದದ್ದು ಮಾತ್ರ, ನೀರು ಹೊಟ್ಟೆಗೆ ಹೋಯಿತೋ ತುಳಸಿ ಗಿಡಕ್ಕೆ ಹೋಯಿತೋ ಅದಕ್ಕೆ ಹೇಗೆ ತಿಳಿಯಬೇಕು? ಅಡುಗೆಮನೆಯಲ್ಲಿ ಲೋಟದಲ್ಲಿ ಕುಡಿದ ಮಜ್ಜಿಗೆ ಅದರ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಅದೇ ಪರದೆಯಲ್ಲಿ ಎರಡು ಬಟನ್ ಇಡಿ: ‘ಇದು ಕುಡಿದದ್ದಲ್ಲ’, ‘ಬೇರೆ ಕಡೆ ಕುಡಿದೆ’. ಮನೆಯ ಲೋಟ ಎಷ್ಟು ಹಿಡಿಯುತ್ತದೆ ಅಂತ ಒಂದೇ ಸಲ ಕೇಳಿಕೊಂಡರೆ ಸಾಕು, ಆಮೇಲೆ ‘ಒಂದು ಲೋಟ’ ಒತ್ತಿದರೆ ಆಯಿತು, ಮಿಲಿಲೀಟರ್ ಗೋಳು ಅಮ್ಮನಿಗೆ ಯಾಕೆ? ಬಟನ್ ಗಾತ್ರ ಆಂಡ್ರಾಯ್ಡ್ ಹೇಳುವ 48 ಡಿಪಿಗಿಂತ (ಡಿಪಿ ಅಂದರೆ ಪರದೆಯ ಮೇಲಿನ ಗಾತ್ರ ಅಳೆಯುವ ಮಾನ) ಕಡಿಮೆ ಬೇಡ. ಕನ್ನಡ ಅಕ್ಷರ ಹಾಕುವಾಗ ಸಾಲಿನ ಎತ್ತರ ಸ್ವಲ್ಪ ಜಾಸ್ತಿ ಇಡಿ, ಇಲ್ಲದಿದ್ದರೆ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ.

ಗುರಿ ಇಡುವಾಗ ಹುಷಾರು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ದಿನಕ್ಕೆ ಹೆಂಗಸರಿಗೆ 2 ಲೀಟರ್, ಗಂಡಸರಿಗೆ 2.5 ಲೀಟರ್ ಅಂದಿತು, ಆದರೆ ಅದು ಅನ್ನ, ಸಾರು, ಹಣ್ಣಿನಲ್ಲಿರುವ ನೀರೂ ಸೇರಿಸಿದ ಲೆಕ್ಕ. ಅಷ್ಟನ್ನೂ ಬಾಟಲಿಯಿಂದಲೇ ಕುಡಿಸಬೇಕಾಗಿಲ್ಲ. ರಾಯಚೂರಿನ ಬೇಸಿಗೆಗೂ ಮಡಿಕೇರಿ ಮಳೆಗಾಲಕ್ಕೂ ಒಂದೇ ಗುರಿ ಸರಿಹೋಗುವುದೂ ಇಲ್ಲ. ಇನ್ನು ಕಿಡ್ನಿ ಅಥವಾ ಹೃದಯದ ತೊಂದರೆ ಇರುವ ಕೆಲವರಿಗೆ ಡಾಕ್ಟರೇ ನೀರು ಕಡಿಮೆ ಮಾಡಿಸಿರುತ್ತಾರೆ. ಅವರಿಗೆ ‘ಭಲೇ, ಇನ್ನೊಂದು ಲೋಟ!’ ಅನ್ನುವ ಆ್ಯಪ್ ಅಪಾಯ. ಶುರುವಿನಲ್ಲೇ ಇದನ್ನು ಕೇಳಿ, ಅಂಥವರಿಗೆ ಗುರಿಯ ಬದಲು ಡಾಕ್ಟರ್ ಹೇಳಿದ ಮಿತಿ ತೋರಿಸಿ.

ನೋಟಿಫಿಕೇಶನ್ ವಿಷಯ. ಆಂಡ್ರಾಯ್ಡ್ 13ರಿಂದ ಅದಕ್ಕೆ ಅನುಮತಿ ಕೇಳಲೇಬೇಕು, ಆ್ಯಪ್ ತೆರೆದ ತಕ್ಷಣ ಕೇಳಿದರೆ ಎಷ್ಟೋ ಜನ ಬೇಡ ಅಂತಲೇ ಒತ್ತುತ್ತಾರೆ. ಮೊದಲು ಫೋನಿಗೆ ಬಾಟಲಿ ಜೋಡಣೆ ಆಗಲಿ, ಎರಡು ದಿನ ಬಳಸಲಿ, ಆಮೇಲೆ ಕೇಳಿ. ಈಗಷ್ಟೇ ಕುಡಿದವರಿಗೆ ಮತ್ತೆ ‘ನೀರು ಕುಡಿಯಿರಿ’ ಅನ್ನಬೇಡಿ. ಸಾಧ್ಯವಾದರೆ ಬಾಟಲಿಗೇ ಒಂದು ಸಣ್ಣ ದೀಪ ಕೊಡಿ, ಫೋನ್ ಸುಮ್ನೆ ಇರಲಿ.

ಗ್ರಾಫ್ ಎರಡನೇ ಪರದೆಗೆ ಹೋಗಲಿ, ಬ್ಯಾಡ್ಜ್ ತೆಗೆದುಬಿಡಿ. ಆಮೇಲೆ ಅಮ್ಮನಿಗೆ ಇನ್ನೊಮ್ಮೆ ಕೊಟ್ಟು, ಏನೂ ಹೇಳಿಕೊಡದೆ ಪಕ್ಕದಲ್ಲಿ ಕೂತು ನೋಡಿ.