ಲಗಾಮು ಯಾಕೆ, ಸೂತ್ರ ಇದೆಯಲ್ಲ

ನಮಸ್ಕಾರ.

ನೀವು ಕಳಿಸಿದ ‘ದ್ವಿಸೂತ್ರ ಪವನಪಟದ ಸಾಹಸ ವಿನ್ಯಾಸಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕುವುದಕ್ಕೆ ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗುವುದಕ್ಕೂ ಮನಸ್ಸಿಲ್ಲ. ಯಾಕಂದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ, ನೀವು ಅದನ್ನು ನಾಲ್ಕನೇ ಪುಟದಲ್ಲಿ ಬಚ್ಚಿಟ್ಟಿದ್ದೀರಿ.

ಮೊದಲು ಶೀರ್ಷಿಕೆ. ಪವನಪಟ ಅಂತ ಯಾರು ಹೇಳುತ್ತಾರೆ ಸ್ವಾಮಿ? ಗಾಳಿಪಟ ಅನ್ನಿ, ಎರಡು ದಾರದ ಗಾಳಿಪಟ ಅನ್ನಿ, ಒಮ್ಮೆ ಹೇಳಿಯಾದ ಮೇಲೆ ಸ್ಟಂಟ್ ಕೈಟ್ ಅಂತಲೇ ಬರೆಯಿರಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅದಕ್ಕಿಂತ ನನ್ನನ್ನು ಕಾಡಿದ್ದು ‘ಪಟದ ಲಗಾಮು’. ಹನ್ನೊಂದು ಕಡೆ ಇದೆ, ಎಣಿಸಿದೆ. ಬ್ರೈಡಲ್ ಅನ್ನುವ ಇಂಗ್ಲಿಷ್ ಪದಕ್ಕೆ ನಿಘಂಟಿನಲ್ಲಿ ಸಿಕ್ಕಿದ ಮೊದಲ ಅರ್ಥವನ್ನು ತಂದು ಕೂರಿಸಿದ್ದೀರಿ, ಅಲ್ವಾ? ಗಾಳಿಪಟ ಕುದುರೆ ಅಲ್ಲ. ಪಟದ ಕಡ್ಡಿಗೆ ಕಟ್ಟಿ, ಉದ್ದದ ದಾರಕ್ಕೆ ಸೇರಿಸುವ ಆ ಚಿಕ್ಕ ದಾರಕ್ಕೆ ನಮ್ಮಲ್ಲಿ ಸೂತ್ರ ಅಂತ ಹೆಸರಿದೆ. ಆಷಾಢದ ಗಾಳಿಗೆ ಹಳೇ ಪೇಪರು, ಪೊರಕೆ ಕಡ್ಡಿ, ಅನ್ನದ ಅಗುಳು ಹಿಡಿದು ಜಗಲಿ ಮೇಲೆ ಕೂತ ಯಾವ ಹುಡುಗನಿಗೂ ಅದು ಗೊತ್ತು. ಸೂತ್ರ ಸರಿಯಾಗಿ ಕಟ್ಟದಿದ್ದರೆ ಪಟ ಗಿರಕಿ ಹೊಡೆಯುತ್ತದೆ, ಆಮೇಲೆ ಗೋತ. ತಮಾಷೆ ಅಂದರೆ ನೀವು ಶೀರ್ಷಿಕೆಯಲ್ಲಿ ದಾರಕ್ಕೆ ಸೂತ್ರ ಅಂದಿದ್ದೀರಿ, ನಿಜವಾದ ಸೂತ್ರ ಬಂದಾಗ ಲಗಾಮು ಅಂದಿದ್ದೀರಿ.

ವರಸೆಗಳ ಹೆಸರನ್ನಂತೂ ದಯವಿಟ್ಟು ಅನುವಾದ ಮಾಡಬೇಡಿ. ‘ಸೋಮಾರಿ ಸುಸಾನಾ’ ಓದಿ ನಮ್ಮ ಕಚೇರಿಯಲ್ಲಿ ಎಲ್ಲರೂ ನಕ್ಕರು. ಲೇಜಿ ಸೂಸನ್ ಅನ್ನುವುದು ಹೋಟೆಲಿನ ದುಂಡು ಮೇಜಿನ ಮೇಲೆ ತಿರುಗಿಸುವ ತಟ್ಟೆಯ ಹೆಸರು. ಪಟ ಅಂಗಾತ ಮಲಗಿ ಹಾಗೆ ಒಂದು ಸುತ್ತು ತಿರುಗುತ್ತದೆ, ಅಷ್ಟೇ. ಹೆಸರು ಹಾಗೇ ಇಟ್ಟು, ಪಟ ಏನು ಮಾಡುತ್ತದೆ ಅಂತ ಕನ್ನಡದಲ್ಲಿ ಹೇಳಿ. ಅದಕ್ಕೆ ಬೇಕಾದ ಮಾತು ನಮ್ಮ ಹತ್ತಿರ ಧಾರಾಳ ಇದೆ: ಗಿರಕಿ, ಲಾಗ, ಗೋತ, ಪಲ್ಟಿ.

ಹೆಸರಿನ ಮಾತು ಬಂತು, ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಫೇಡ್ ಮತ್ತು ಟರ್ಟಲ್ ಎರಡನ್ನೂ ಅದಲು ಬದಲು ಮಾಡಿದ್ದೀರಿ. ಎರಡರಲ್ಲೂ ಪಟ ಬೆನ್ನ ಮೇಲೆ ಮಲಗಿರುತ್ತದೆ. ಮೂತಿ ನಿಮ್ಮ ಕಡೆಗಿದ್ದರೆ ಫೇಡ್, ಆ ಕಡೆಗಿದ್ದರೆ ಟರ್ಟಲ್. ಇದನ್ನು ಗೊತ್ತಿದ್ದವರು ಓದಿದರೆ ಉಳಿದದ್ದನ್ನೂ ನಂಬುವುದಿಲ್ಲ.

ಇತಿಹಾಸಕ್ಕೆ ಒಂದೂವರೆ ಪುಟ ಕೊಟ್ಟಿದ್ದೀರಿ. ಜಾಸ್ತಿ ಆಯಿತು. ಚೀನಾದಿಂದ ಶುರು ಮಾಡುವ ಅಗತ್ಯವೇ ಇಲ್ಲ. ಎರಡು ದಾರದ ಪಟವನ್ನು ಪೀಟರ್ ಪವೆಲ್ ‘ಕಂಡುಹಿಡಿದರು’ ಅನ್ನುವುದೂ ಸರಿಯಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೇ ಅಮೆರಿಕದ ಪಾಲ್ ಗಾರ್ಬರ್ ನೌಕಾಪಡೆಗಾಗಿ ಅಂಥದ್ದೊಂದನ್ನು ಮಾಡಿದ್ದರು. ಅದರ ಮೇಲೆ ಶತ್ರು ವಿಮಾನದ ಚಿತ್ರ ಬರೆದು, ಹಡಗಿನ ಗನ್ನರ್‌ಗಳು ಗುರಿ ಇಟ್ಟು ಕಲಿಯಲಿ ಅಂತ ಆಕಾಶದಲ್ಲಿ ಅತ್ತಿತ್ತ ಓಡಾಡಿಸುತ್ತಿದ್ದರು. ಇಂಗ್ಲೆಂಡಿನ ಪವೆಲ್ 1972ರಲ್ಲಿ ತಮ್ಮ ಪಟ ಮಾಡಿ ಈ ಆಟವನ್ನು ಜನರ ಕೈಗೆ ತಂದರು. ಇಷ್ಟು ಸಾಕು, ಬೇಕಾದರೆ ಇದನ್ನೇ ಹಾಕಿಕೊಳ್ಳಿ. ಗುಂಡು ಹೊಡೆಸಿಕೊಳ್ಳುವುದಕ್ಕೆ ಅಂತ ಹುಟ್ಟಿದ ಪಟ, ಇಷ್ಟು ಒಳ್ಳೆ ಸಂಗತಿ ಇರುವಾಗ ಚೀನಾ ಯಾಕೆ?

ಈಗ ನಾಲ್ಕನೇ ಪುಟ.

ಸಿಯಾಟಲ್‌ನಲ್ಲಿ ಮನೆ ಹತ್ತಿರದ ಪಾರ್ಕಿನಲ್ಲಿ ಪಟ ಏಳಲೇ ಇಲ್ಲ, ಮೂರು ಗಂಟೆ ಕಾರು ಓಡಿಸಿ ಲಾಂಗ್ ಬೀಚಿಗೆ ಹೋದ ಮೇಲೆ ಎದ್ದಿತು ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಯಾಕೆ ಏಳಲಿಲ್ಲ? ಮರ, ಮನೆ ದಾಟಿ ಬರುವ ಗಾಳಿ ಒಡೆದು ಸುಳಿ ಸುಳಿಯಾಗಿ ಬರುತ್ತದೆ, ಸಮುದ್ರದ ಮೇಲಿಂದ ಬರುವ ಗಾಳಿಗೆ ಅಡ್ಡ ಏನೂ ಇರುವುದಿಲ್ಲ. ದೊಡ್ಡಬಳ್ಳಾಪುರದ ಬಯಲಿನಲ್ಲಿ ಪಟ ಹಾರಿಸಿದವರಿಗೂ ಪಣಂಬೂರು ಬೀಚಿನಲ್ಲಿ ಹಾರಿಸಿದವರಿಗೂ ಈ ವ್ಯತ್ಯಾಸ ಗೊತ್ತಾಗುತ್ತದೆ. ಅದನ್ನು ಬರೆಯಿರಿ. ಲಾಂಗ್ ಬೀಚ್ ಊರಿನಲ್ಲಿ ಗಾಳಿಪಟಕ್ಕೇ ಒಂದು ಮ್ಯೂಸಿಯಂ ಇದೆ, ಆಗಸ್ಟ್‌ನಲ್ಲಿ ದೊಡ್ಡ ಪಟದ ಹಬ್ಬ ಆಗುತ್ತದೆ. ಅದು ನಿಮ್ಮ ಕಥೆಯ ಜಾಗ, ಚೀನಾ ಅಲ್ಲ.

ಮತ್ತೆ, ಪಟ ಅಡ್ಡ ಮಲಗಿ ಒಂದು ಸುತ್ತು ಹಾಕುವ ಆಕ್ಸೆಲ್ ವರಸೆಯ ಬಗ್ಗೆ ‘ಮೂರನೇ ದಿನವೇ ಆಕ್ಸೆಲ್ ಕೈವಶವಾಯಿತು’ ಅಂದಿದ್ದೀರಿ. ಎರಡು ಪುಟ ಆದಮೇಲೆ ಜೂನ್‌ನಲ್ಲಿ ಪಟ ಕೊಂಡೆ, ಆಗಸ್ಟ್ ಹಬ್ಬಕ್ಕೆ ಹೋದಾಗ ಆಕ್ಸೆಲ್ ಬರುತ್ತಿರಲಿಲ್ಲ, ನಾಚಿಕೆಯಾಗಿ ಪಟವನ್ನು ಕಾರಿನಿಂದ ಇಳಿಸಲೇ ಇಲ್ಲ ಅಂತಲೂ ಇದೆ. ಯಾವುದು ನಿಜ? ನನಗೆ ಎರಡನೆಯದು ನಿಜ ಅನಿಸುತ್ತದೆ. ಅದೇ ಓದುವಂತಿದೆ ಕೂಡ.

ನಾನೂ ಒಮ್ಮೆ ಪಣಂಬೂರಿನಲ್ಲಿ ಗೆಳೆಯನ ಸ್ಟಂಟ್ ಕೈಟ್ ಇಸಕೊಂಡು ಎರಡು ಸಂಜೆ ಒದ್ದಾಡಿದವನು, ಅದಕ್ಕೇ ಈ ಅನುಮಾನ. ಬಲಗೈ ಎಳೆದರೆ ಬಲಕ್ಕೆ, ಎಡಗೈ ಎಳೆದರೆ ಎಡಕ್ಕೆ, ಇದು ಹತ್ತು ನಿಮಿಷದಲ್ಲಿ ಬರುತ್ತದೆ. ಕಷ್ಟ ಶುರುವಾಗುವುದು ಪಟ ನೆಲಕ್ಕೆ ಬರುವಾಗ. ಹೆದರಿಕೆಗೆ ಎರಡೂ ಕೈ ಹಿಂದಕ್ಕೆ ಎಳೆಯುತ್ತೇವೆ. ಎಳೆದಷ್ಟೂ ಪಟದ ವೇಗ ಜಾಸ್ತಿ, ಮೂತಿ ಮರಳಿನಲ್ಲಿ. ಮಾಡಬೇಕಾದ್ದು ತಿರುಗಾಮುರುಗಾ: ಕೈ ಮುಂದೆ ಚಾಚಿ, ಪಟದ ಕಡೆಗೇ ನಾಲ್ಕು ಹೆಜ್ಜೆ ಓಡಬೇಕು, ದಾರ ಸಡಿಲಾದರೆ ಪೆಟ್ಟು ಕಡಿಮೆ. ಇದು ತಲೆಗೆ ಗೊತ್ತಾದರೂ ಕೈಗೆ ಗೊತ್ತಾಗುವುದಿಲ್ಲ. ನಾನು ಆ ಎರಡು ಸಂಜೆ ಇಪ್ಪತ್ತೈದು ಮೀಟರ್ ದಾರದ ಆ ತುದಿಗೆ ನಡೆದು, ಪಟ ನೆಟ್ಟಗೆ ನಿಲ್ಲಿಸಿ, ಈ ತುದಿಗೆ ವಾಪಸ್ ನಡೆದದ್ದೇ ಹೆಚ್ಚು. ಆಕ್ಸೆಲ್ ಬರಲಿಲ್ಲ.

ನಿಮಗೆ ಬಂದಿದೆ. ಹೇಗೆ ಬಂತು ಅಂತ ‘ಸೂಕ್ತ ಸಮಯದಲ್ಲಿ ಸೂಕ್ತ ಒತ್ತಡ ನೀಡಿದಾಗ’ ಅಂತ ಬರೆದರೆ ನಾನು ಏನು ಕಲಿಯಲಿ? ಮೊದಲು ಪಟವನ್ನು ಗಾಳಿಯಲ್ಲಿ ನಿಲ್ಲಿಸಬೇಕು, ಮೂತಿ ಮೇಲೆ, ಅಲ್ಲಾಡದೆ. ಆಮೇಲೆ ಒಂದು ಕೈಯಲ್ಲಿ ಚಿಕ್ಕ ಜಗ್ಗು, ನೊಣ ಹೊಡೆದ ಹಾಗೆ, ತಕ್ಷಣ ಎರಡೂ ಕೈ ಮುಂದಕ್ಕೆ. ಆ ಸಡಿಲಿನಲ್ಲಿ ಪಟ ಅಡ್ಡ ಮಲಗಿ, ತಟ್ಟೆ ತಿರುಗಿದ ಹಾಗೆ ಒಂದು ಸುತ್ತು ಹಾಕಿ, ಮತ್ತೆ ಮೂತಿ ಮೇಲೆತ್ತುತ್ತದೆ. ಜಗ್ಗಿದ ಕೈ ಅಲ್ಲೇ ನಿಂತರೆ ದಾರ ಬಿಗಿಯಾಗಿ ಪಟ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ನಿಮ್ಮದು ಎಷ್ಟು ಸಲ ಸಿಕ್ಕಿಕೊಂಡಿತು? ರೆಕ್ಕೆ ತುದಿಗೆ ದಾರ ಸುತ್ತಿಕೊಂಡು ಬಿದ್ದದ್ದು ಇಲ್ಲವೇ? ಆಗ ಮೊಣಕೈ ಎಲ್ಲಿತ್ತು? ಇದು ಬೇಕು ನನಗೆ.

ನಿಮ್ಮ ಮಗಳು ಬೀಚಿನಲ್ಲಿ ಬಕೆಟ್ ಹಿಡಿದು ಕೂತಲ್ಲಿಂದಲೇ ‘ಅಪ್ಪಾ, ನೀನು ಎಳೀತಾನೇ ಇದೀಯ, ಬಿಡೋದೇ ಇಲ್ಲ’ ಅಂದಳು ಅಂತ ಆವರಣದೊಳಗೆ ಹಾಕಿದ್ದೀರಲ್ಲ, ಇಡೀ ಲೇಖನದಲ್ಲಿ ನನಗೆ ನೆನಪುಳಿದದ್ದು ಅದೊಂದೇ. ಆವರಣ ತೆಗೆಯಿರಿ. ಅಲ್ಲಿಂದಲೇ ಶುರು ಮಾಡಿದರೂ ಆಯಿತು. ಆದರೆ ಅದಕ್ಕೆ ‘ಜೀವನದಲ್ಲೂ ಹಾಗೆಯೇ’ ಅಂತ ಒಂದು ಪ್ಯಾರಾ ಜೋಡಿಸಿದ್ದೀರಿ, ಅದನ್ನು ನಾನು ಕೆಂಪು ಶಾಯಿಯಲ್ಲಿ ಹೊಡೆದಿದ್ದೇನೆ. ಹುಡುಗಿ ಪಟದ ಬಗ್ಗೆ ಮಾತಾಡಿದ್ದು.

ಚಿಕ್ಕಪುಟ್ಟವು: ಎರಡು ದಾರದ ಉದ್ದ ಸಮ ಇರಬೇಕು ಅನ್ನುವುದನ್ನು ಕೊನೆಗೆ ಹೇಳಿದ್ದೀರಿ, ಅದು ಮೊದಲು ಬರಬೇಕು. ಒಂದು ದಾರ ಸ್ವಲ್ಪ ಗಿಡ್ಡ ಇದ್ದರೂ ಪಟ ಆ ಕಡೆಗೇ ವಾಲುತ್ತದೆ, ಹೊಸಬರು ತಮ್ಮ ಕೈಯದೇ ತಪ್ಪು ಅಂದುಕೊಳ್ಳುತ್ತಾರೆ. ಗಿರಕಿ ಹೊಡೆಸಿದಾಗ ದಾರ ಒಂದಕ್ಕೊಂದು ಹೊಸೆದುಕೊಳ್ಳುವ ಬಗ್ಗೆ ನಿಮ್ಮ ಹೆದರಿಕೆ ಅತಿಯಾಯಿತು. ಸ್ಟಂಟ್ ಕೈಟಿಗೆ ಕಟ್ಟುವ ಡೈನೀಮಾ ಅನ್ನುವ ಸಿಂಥೆಟಿಕ್ ದಾರ ನುಣುಪು, ನಾಲ್ಕೈದು ಸುತ್ತು ಬಿದ್ದರೂ ಪಟ ಮಾತು ಕೇಳುತ್ತದೆ. ಬಲಕ್ಕೆ ಸುತ್ತಿದ್ದನ್ನು ಎಡಕ್ಕೆ ಸುತ್ತಿ ಬಿಚ್ಚಿದರೆ ಆಯಿತು. ಅದೇ ದಾರ ಬಿಗಿಯಾಗಿದ್ದಾಗ ಚರ್ಮ ಕುಯ್ಯುತ್ತದೆ, ಜನ ಓಡಾಡುವ ಕಡೆ ಹಾರಿಸಬಾರದು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಸೇರಿಸಿ.

2,600 ಪದ ಇದೆ, 1,200ಕ್ಕೆ ಇಳಿಸಿ. ಬ್ಯಾಕ್‌ಸ್ಪಿನ್, ಯೋಯೋ ವರಸೆಗಳೆಲ್ಲ ನಿಮಗಿನ್ನೂ ಬರುವುದಿಲ್ಲ ಅಂತ ನೀವೇ ಬರೆದಿದ್ದೀರಿ, ಹಾಗಾದರೆ ಅವನ್ನು ಬಿಡಿ, ಬಂದ ಮೇಲೆ ಇನ್ನೊಂದು ಲೇಖನ ಕಳಿಸಿ. ಈ ತಿಂಗಳ ಕೊನೆಯೊಳಗೆ ಬಂದರೆ ಮುಂದಿನ ಸಂಚಿಕೆಗೆ ನೋಡಬಹುದು. ಬೀಚಿನ ಸೂರ್ಯಾಸ್ತದ ಫೋಟೋ ಬೇಡ, ನಮ್ಮ ಹತ್ತಿರ ಬೇಕಾದಷ್ಟು ಇವೆ. ಜುಲೈನಲ್ಲಿ ಮುಂಭಾಗದ ಕಾರ್ಬನ್ ಕಡ್ಡಿ ಮುರಿಯಿತು ಅಂದಿದ್ದೀರಿ, ಆ ತುಂಡು ಇನ್ನೂ ಇಟ್ಟುಕೊಂಡಿದ್ದರೆ ಅದರ ಫೋಟೋ ತೆಗೆದು ಕಳಿಸಿ.