ಇಂಚಿನಲ್ಲಿ ಅಳೆದ ಲಯ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಪ್ರಕಟವಾದ, ಎಲೆಕ್ಟ್ರಾನಿಕ್ ಸಂಗೀತದ ಮೊದಲಿಗರನ್ನು ಕುರಿತ ಲೇಖನವನ್ನು ಓದಿ ತಾವು ಧಾರವಾಡದಿಂದ ಬರೆದ ಪತ್ರ ತಲುಪಿತು. ಅದನ್ನು ಪೂರ್ತಿಯಾಗಿ ಅಚ್ಚು ಹಾಕಲು ಸ್ಥಳವಿಲ್ಲವಾದ್ದರಿಂದ ಇತರ ಓದುಗರಿಗಾಗಿ ಅದರ ಸಾರವನ್ನು ಹೇಳಿ ಮುಂದುವರಿಯುತ್ತೇನೆ. ತಮ್ಮ ಆಕ್ಷೇಪಣೆಗಳು ಮೂರು. ಗುರುವಿನೆದುರು ವರ್ಷಗಟ್ಟಲೆ ಕುಳಿತು ಷಡ್ಜ ಹಚ್ಚಿದವರ ಪಂಕ್ತಿಯಲ್ಲಿ ಗುಂಡಿ ಒತ್ತುವವರನ್ನು ಕೂರಿಸುವುದು ಸಾಧನೆಗೆ ಬಗೆದ ಅಪಚಾರ ಎಂಬುದು ಮೊದಲನೆಯದು. ಅಂದಿನವರು ವಾರಗಟ್ಟಲೆ ಹೆಣಗಿ ತೆಗೆದ ಸದ್ದನ್ನು ಇಂದು ಹೈಸ್ಕೂಲಿನ ಹುಡುಗನೂ ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ತೆಗೆಯುತ್ತಾನಾದ್ದರಿಂದ ಆ ಮೆಚ್ಚುಗೆಗೆ ಈಗ ಅರ್ಥವಿಲ್ಲ ಎಂಬುದು ಎರಡನೆಯದು. ಪ್ಯಾರಿಸ್, ಲಂಡನ್ನುಗಳ ಈ ಕಥೆಯನ್ನು ಕಟ್ಟಿಕೊಂಡು ನಮಗೇನಾಗಬೇಕು ಎಂಬುದು ಮೂರನೆಯದು.

ಎಲೆಕ್ಟ್ರಾನಿಕ್ ವಾದ್ಯಗಳಲ್ಲಿ ಮೊಟ್ಟಮೊದಲು ಹೆಸರು ಮಾಡಿದ ಥೆರೆಮಿನ್ನಿನಲ್ಲಿ ಸ್ವರ ಹೊರಡಿಸಲು ಒತ್ತಬೇಕಾದ ಗುಂಡಿಯೇ ಇರಲಿಲ್ಲ. ರಷ್ಯದ ಭೌತವಿಜ್ಞಾನಿ ಲಿಯೋನ್ ಥೆರೆಮಿನ್ 1920ರ ಸುಮಾರಿಗೆ ರೂಪಿಸಿ, 1928ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಈ ವಾದ್ಯದಲ್ಲಿ ವಾದಕನಿಗೆ ಕಾಣುವುದು ಎರಡು ಆಂಟೆನಾಗಳು ಮಾತ್ರ. ನೆಟ್ಟಗೆ ನಿಂತ ಸರಳಿನ ಹತ್ತಿರಕ್ಕೆ ಬಲಗೈ ಸರಿದಂತೆ ಸ್ವರ ಏರುತ್ತದೆ. ಪಕ್ಕದಲ್ಲಿ ಬಾಗಿದ ಸರಳಿನ ಹತ್ತಿರಕ್ಕೆ ಎಡಗೈ ಇಳಿದಂತೆ ನಾದ ಕ್ಷೀಣಿಸುತ್ತದೆ. ಮುಟ್ಟಲು ತಂತಿಯಿಲ್ಲ, ಮೆಟ್ಟಿಲ್ಲ, ಹಾರ್ಮೋನಿಯಮ್ಮಿನಂತೆ ಮನೆಗಳಿಲ್ಲ. ಹಿಂದುಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದ ತಮಗೆ ಇದರ ಸ್ವಾರಸ್ಯ ಬೇಗ ಹೊಳೆಯಬಹುದು: ಇಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ತಾನಾಗಿಯೇ ಬಂದುಬಿಡುತ್ತದೆ, ಒಂದು ಸ್ವರದ ಮೇಲೆ ಅಲುಗದೆ ನಿಲ್ಲುವುದೇ ಕಠಿಣ. ವಾದಕ ಉಸಿರೆಳೆದು ಮೈ ತುಸು ವಾಲಿಸಿದರೂ ಶ್ರುತಿ ಕದಲುತ್ತದೆ. ವಿಲ್ನಿಯಸ್‌ನಲ್ಲಿ ಹುಟ್ಟಿ, ಎಳವೆಯಲ್ಲೇ ಪಿಟೀಲಿನಲ್ಲಿ ಪಳಗಿ, ಕೈಯ ತೊಂದರೆಯಿಂದ ಅದನ್ನು ಬಿಡಬೇಕಾಗಿ ಬಂದ ಕ್ಲಾರಾ ರಾಕ್‌ಮೋರ್ ಎಂಬಾಕೆ ಗಾಳಿಯಲ್ಲೇ ಬೆರಳುಗಳನ್ನು ಮಡಿಚಿ ಬಿಚ್ಚಿ ಸ್ವರಸ್ಥಾನ ಹಿಡಿಯುವ ಪದ್ಧತಿಯೊಂದನ್ನು ರೂಪಿಸಿಕೊಂಡು ಈ ವಾದ್ಯವನ್ನು ಕಚೇರಿಯ ಮಟ್ಟಕ್ಕೆ ತಂದರು. ಸ್ಯಾನ್‌ಸಾನ್ಸ್ ರಚಿಸಿದ ಹಂಸದ ಕೃತಿಯನ್ನು ಅವರು ನುಡಿಸಿರುವ ಧ್ವನಿಮುದ್ರಣವನ್ನು ಕೇಳಿದ ಮೇಲೂ ತಾವು ಸಾಧನೆ ಎಲ್ಲಿ ಎಂದು ಕೇಳುವಿರೆಂದು ನನಗನಿಸುವುದಿಲ್ಲ.

ಆದರೆ ತಮ್ಮ ಪತ್ರದ ಕಟುವಾದ ಮಾತುಗಳು ಥೆರೆಮಿನ್ನಿನ ಮೇಲಲ್ಲ, ಟೇಪು ಕತ್ತರಿಸಿ ಅಂಟಿಸಿದವರ ಮೇಲೆ; ವಿಶೇಷವಾಗಿ ಡೀಲಿಯಾ ಡರ್ಬಿಶೈರ್ ಅವರ ಮೇಲೆ. ಆದ್ದರಿಂದ ಅವರ ಕೆಲಸವನ್ನೇ ಸ್ವಲ್ಪ ಬಿಡಿಸಿ ಹೇಳಬೇಕು.

ನಾಟಕಗಳಿಗೂ ಇತರ ಕಾರ್ಯಕ್ರಮಗಳಿಗೂ ಬೇಕಾದ ವಿಚಿತ್ರ ಧ್ವನಿಗಳನ್ನು ಸಿದ್ಧಪಡಿಸಲೆಂದು ಬಿಬಿಸಿ 1958ರಲ್ಲಿ ಲಂಡನ್ನಿನ ಮೈಡಾ ವೇಲ್‌ನಲ್ಲಿ ರೇಡಿಯೋಫೋನಿಕ್ ವರ್ಕ್‌ಶಾಪ್ ಎಂಬ ವಿಭಾಗವನ್ನು ತೆರೆಯಿತು. ಕೇಂಬ್ರಿಜ್‌ನಲ್ಲಿ ಗಣಿತವನ್ನೂ ಸಂಗೀತವನ್ನೂ ಓದಿ, ಡೆಕ್ಕಾ ಕಂಪನಿಯಲ್ಲಿ ಕೆಲಸ ಕೇಳಿ, ಧ್ವನಿಮುದ್ರಣ ಸ್ಟುಡಿಯೋಗಳಿಗೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲವೆಂಬ ಉತ್ತರ ಪಡೆದಿದ್ದ ಡರ್ಬಿಶೈರ್ 1962ರಲ್ಲಿ ಈ ವಿಭಾಗಕ್ಕೆ ಬಂದರು. ಮರುವರ್ಷ ‘ಡಾಕ್ಟರ್ ಹೂ’ ಎಂಬ ಟೆಲಿವಿಷನ್ ಧಾರಾವಾಹಿಯ ಶೀರ್ಷಿಕೆ ಸಂಗೀತದ ಕೆಲಸ ಅವರ ಪಾಲಿಗೆ ಬಂತು. ರಾಗವನ್ನು ರಾನ್ ಗ್ರೇನರ್ ಕಾಗದದ ಮೇಲೆ ಬರೆದುಕೊಟ್ಟಿದ್ದರು. ಅದನ್ನು ನುಡಿಸಬಲ್ಲ ವಾದ್ಯ ಇರಲಿಲ್ಲ. ವಿದ್ಯುತ್ತಿನಿಂದ ಬಗೆಬಗೆಯ ನಾದ ಹುಟ್ಟಿಸುವ ತಮ್ಮ ಸಿಂಥಸೈಜರನ್ನು ಅಮೆರಿಕದ ರಾಬರ್ಟ್ ಮೂಗ್ ತೋರಿಸಿದ್ದು 1964ರಲ್ಲಿ. ಡರ್ಬಿಶೈರ್ ಅವರಿಗೂ ಸಹಾಯಕರಾಗಿದ್ದ ಡಿಕ್ ಮಿಲ್ಸ್ ಅವರಿಗೂ ಸಿಕ್ಕಿದ್ದು ಉಪಕರಣಗಳ ಪರೀಕ್ಷೆಗೆಂದು ಇಟ್ಟಿದ್ದ, ಒಂದೇ ಸಮನೆ ನಾದ ಹೊರಡಿಸುವ ಆಸಿಲೇಟರುಗಳು, ಮೀಟಬಹುದಾದ ಒಂದು ತಂತಿ, ಟೇಪ್ ರೆಕಾರ್ಡರುಗಳು, ಬ್ಲೇಡು ಮತ್ತು ಅಂಟುಪಟ್ಟಿ.

ಆ ಶೀರ್ಷಿಕೆ ಸಂಗೀತದ ಕೆಳಗಿನ ಸ್ಥಾಯಿಯಲ್ಲಿ ಓಡುವ ಪಲುಕು ಹುಟ್ಟಿದ್ದು ಒಂದೇ ತಂತಿಯ ಮೀಟಿನಿಂದ. ಟೇಪಿನ ವೇಗವನ್ನು ಇಮ್ಮಡಿಸಿದರೆ ಮಂದ್ರದ ಷಡ್ಜ ಮಧ್ಯದ ಷಡ್ಜವಾಗುತ್ತದೆ. ಆದರೆ ಸ್ವರದ ಕಾಲವೂ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಪ್ರತಿಯೊಂದು ಸ್ವರವನ್ನೂ ಬೇರೆಬೇರೆ ವೇಗದಲ್ಲಿ ಮರುಮುದ್ರಿಸಿ, ಬೇಕಾದ ಉದ್ದಕ್ಕೆ ಕತ್ತರಿಸಿ, ಒಂದರ ಪಕ್ಕ ಒಂದನ್ನು ಅಂಟಿಸಬೇಕು. ಸೆಕೆಂಡಿಗೆ 15 ಇಂಚಿನಂತೆ ಓಡುವ ಟೇಪಿನಲ್ಲಿ ಕಾಲು ಸೆಕೆಂಡಿನ ಸ್ವರವೆಂದರೆ ಮೂರು ಮುಕ್ಕಾಲು ಇಂಚು. ಇಲ್ಲಿ ಲಯವನ್ನು ಅಳೆದದ್ದು ಇಂಚುಪಟ್ಟಿ. ಒಂದೇ ಟೇಪಿನ ಮೇಲೆ ಹಲವು ಪದರಗಳನ್ನು ಹಿಡಿಯುವ ಯಂತ್ರ ಅಲ್ಲಿ ಇರಲಿಲ್ಲವಾದ್ದರಿಂದ ಪದರಗಳನ್ನು ಬೇರೆಬೇರೆ ಟೇಪುಗಳಲ್ಲಿ ಕಟ್ಟಿ, ಯಂತ್ರಗಳನ್ನು ಏಕಕಾಲಕ್ಕೆ ಚಾಲೂ ಮಾಡಿ ಹೊಂದಿಸಬೇಕಾಗಿತ್ತು. ಒಮ್ಮೆ ಹೊಂದಿಕೆ ತಪ್ಪಿದಾಗ, ಟೇಪುಗಳನ್ನು ಉದ್ದನೆಯ ಕಾರಿಡಾರಿನಲ್ಲಿ ಪಕ್ಕಪಕ್ಕದಲ್ಲಿ ಬಿಚ್ಚಿ ಹಾಸಿ, ಅಂಟಿನ ಗುರುತುಗಳನ್ನು ತಾಳೆ ನೋಡುತ್ತ ಹೋಗಿ ತಪ್ಪಿದ ಸ್ವರವನ್ನು ಕಣ್ಣಿನಿಂದ ಪತ್ತೆ ಹಚ್ಚಿದ್ದನ್ನು ಮಿಲ್ಸ್ ಮುಂದೆ ಹೇಳಿಕೊಂಡಿದ್ದಾರೆ.

ಸಾಧನೆಯ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ತಂಬೂರಿಯೆದುರು ಕುಳಿತ ಗಾಯಕನ ಸ್ವರ ಕೂದಲೆಳೆಯಷ್ಟು ಸರಿದರೆ ಕಿವಿ ಹೇಳುತ್ತದೆ, ಕಂಠ ತಿದ್ದುತ್ತದೆ. ಎರಡರ ನಡುವೆ ಕ್ಷಣವೂ ಕಳೆಯುವುದಿಲ್ಲ. ಡರ್ಬಿಶೈರ್ ಅವರ ತೀರ್ಮಾನಕ್ಕೂ ಅದರ ಫಲ ಕಿವಿಗೆ ಬೀಳುವುದಕ್ಕೂ ನಡುವೆ ಗಂಟೆಗಳೇ ಕಳೆಯುತ್ತಿದ್ದವು. ಇನ್ನೂ ಹುಟ್ಟದ ನಾದವನ್ನು ಮನಸ್ಸಿನಲ್ಲಿ ಕೇಳಿಸಿಕೊಂಡು, ಅಷ್ಟು ಹೊತ್ತೂ ಅದನ್ನು ಮರೆಯದೆ ಹಿಡಿದಿಟ್ಟುಕೊಂಡು, ಸಿದ್ಧವಾದ ತುಣುಕು ಅದಕ್ಕೆ ಸರಿಹೊಂದುತ್ತದೆಯೋ ಇಲ್ಲವೋ ಎಂದು ತೀರ್ಪು ಕೊಡುವ ಕಿವಿ ರಿಯಾಜ್ ಇಲ್ಲದೆ ಬರುವಂಥದ್ದಲ್ಲ. ಮೊಬೈಲಿನ ಹುಡುಗನನ್ನು ನಾನು ಹೀಗಳೆಯುವುದಿಲ್ಲ, ಅವನಲ್ಲೂ ಅಂಥ ಕಿವಿ ಇರಬಹುದು. ಆದರೆ ಅವನ ಮುಂದೆ ಆಯ್ದುಕೊಳ್ಳಲು ಸಾವಿರ ಸಿದ್ಧ ಧ್ವನಿಗಳ ಪಟ್ಟಿ ಇದೆ, ಆಕೆಯ ಮುಂದೆ ಪಟ್ಟಿಯೇ ಇರಲಿಲ್ಲ. ಹತ್ತು ನಿಮಿಷದಲ್ಲಿ ಅವನು ತೆಗೆಯುವುದು ಅವರು ಕಂಡುಕೊಂಡದ್ದರ ಪ್ರತಿಯನ್ನು.

ಗ್ರೇನರ್ ತಮ್ಮ ಸಂಭಾವನೆಯಲ್ಲಿ ಆಕೆಗೂ ಪಾಲು ಸಿಗಲೆಂದು ಬಯಸಿದ್ದರು. ನೌಕರರ ಹೆಸರನ್ನು ಹೊರಗೆ ಹೇಳದ ಬಿಬಿಸಿಯ ಪದ್ಧತಿ ಅದಕ್ಕೆ ಅಡ್ಡ ಬಂತು. ಧಾರಾವಾಹಿಯ ಹೆಸರುಪಟ್ಟಿಯಲ್ಲಿ ಡರ್ಬಿಶೈರ್ ಎಂಬ ಹೆಸರು ಕಾಣಿಸಿಕೊಂಡದ್ದು ಅದರ ಐವತ್ತನೆಯ ವರ್ಷವಾದ 2013ರಲ್ಲಿ. ಆಕೆ 2001ರಲ್ಲೇ ತೀರಿಕೊಂಡಿದ್ದರು. ಇಷ್ಟು ದೊಡ್ಡವರಾದರೆ ನಾವೇಕೆ ಅವರ ಹೆಸರು ಕೇಳಿಲ್ಲ ಎಂದು ತಾವು ನಡುವೆ ಎಲ್ಲೋ ಕೇಳಿದ್ದೀರಿ. ಕೇಳದಿರಲು ಇದೂ ಒಂದು ಕಾರಣ.

ಮೊದಲಿಗರೆಂದ ಮಾತ್ರಕ್ಕೆ ಅವರ ಕೃತಿಗಳೆಲ್ಲ ಸುಂದರವೆಂದು ನಾವು ಹೇಳಿಲ್ಲ, ಹೇಳುವುದೂ ಇಲ್ಲ. ಫ್ರೆಂಚ್ ರೇಡಿಯೋದ ಎಂಜಿನಿಯರ್ ಪಿಯರ್ ಶೆಫರ್ 1948ರಲ್ಲಿ ಪ್ಯಾರಿಸ್ಸಿನ ರೈಲು ನಿಲ್ದಾಣದ ಸದ್ದುಗಳನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಹಿಡಿದು, ಸೂಜಿ ಒಂದೇ ಗೆರೆಯಲ್ಲಿ ಸುತ್ತುವಂತೆ ಮಾಡಿ ಕಟ್ಟಿದ ರಚನೆಯನ್ನು ನಾನು ಗೌರವದಿಂದ ಕೇಳುತ್ತೇನೆ, ಪ್ರೀತಿಯಿಂದ ಮತ್ತೆ ಹಾಕಿಕೊಳ್ಳುವುದಿಲ್ಲ. ಬಿಬಿಸಿಯ ಆ ವಿಭಾಗದ ಸ್ಥಾಪಕರಲ್ಲಿ ಒಬ್ಬರಾದ ಡಾಫ್ನೆ ಓರಮ್ 1959ರಲ್ಲಿ ಕೆಲಸ ಬಿಟ್ಟು ಹೋಗಿ, 35 ಮಿಲಿಮೀಟರ್ ಫಿಲ್ಮಿನ ಮೇಲೆ ಗೆರೆ ಎಳೆದರೆ ಅದನ್ನು ಬೆಳಕಿನ ಮೂಲಕ ಓದಿ ನಾದವಾಗಿಸುವ ಯಂತ್ರವನ್ನು ಕಟ್ಟಿದರು. ಅದರಿಂದ ಹೊರಟ ಸಂಗೀತಕ್ಕಿಂತ ಅದರ ಕಲ್ಪನೆಯೇ ದೊಡ್ಡದೆಂಬುದು ನನ್ನ ಅಭಿಪ್ರಾಯ. ಕಲೋನ್ ರೇಡಿಯೋ ಸ್ಟುಡಿಯೋದಲ್ಲಿ ಜರ್ಮನಿಯ ಸಂಗೀತ ರಚನೆಕಾರ ಸ್ಟಾಕ್‌ಹೌಸನ್ ಬಾಲಕನೊಬ್ಬನ ಕಂಠವನ್ನು ಎಲೆಕ್ಟ್ರಾನಿಕ್ ನಾದದೊಳಗೆ ಕರಗಿಸಿ 1956ರಲ್ಲಿ ಕೇಳಿಸಿದ ಕೃತಿಯಾದರೋ ಇಂದಿಗೂ ಮೈ ಜುಮ್ಮೆನಿಸುತ್ತದೆ. ಮೆಚ್ಚುವುದೆಂದರೆ ಹೀಗೆ ಒಂದೊಂದನ್ನೂ ಬೇರೆಬೇರೆಯಾಗಿ ಕೇಳಿ ತೂಗುವುದೆಂದು ನಾನು ತಿಳಿದಿದ್ದೇನೆ.

ಇನ್ನು, ಇದು ಪರರ ಕಥೆ ಎಂಬ ಮಾತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲಿ ಮೂಗ್ ಸಿಂಥಸೈಜರ್ ಬಂತು, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿ ಸ್ಟುಡಿಯೋ ಅಣಿಗೊಳಿಸಿದರು. ಪಖಾವಜ್ ನುಡಿಸುತ್ತಿದ್ದ ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ. ಎಸ್. ಮಾಥುರ್ ಮುಂತಾದವರು ಕೆಲವೇ ವರ್ಷ ಅಲ್ಲಿ ಪ್ರಯೋಗ ನಡೆಸಿದರು. ಆ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲೇ ಮರೆತುಹೋಗಿ, ಆಯ್ದ ಭಾಗಗಳು 2023ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂದವು. ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ, ಬೆಂಗಳೂರಿನ ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಇದೆ. ಅದರ ಬಳಗದ ಪೆಟ್ಟಿಗೆಗಳನ್ನು ಪಕ್ಕದಲ್ಲಿಟ್ಟುಕೊಂಡು ಷಡ್ಜ ಹಚ್ಚುವವರು ಧಾರವಾಡದಲ್ಲೂ ಕಡಿಮೆಯಿಲ್ಲ. ಅದರೊಳಗೂ ನುಡಿಯುವುದು ವಿದ್ಯುತ್ತಿನಿಂದ ಹುಟ್ಟಿದ ನಾದವೇ.

ತಾವು ಕೇಳಲು ಮನಸ್ಸು ಮಾಡುವುದಾದರೆ ರಾಕ್‌ಮೋರ್ ಅವರಿಂದ ಆರಂಭಿಸಿ, ಬಳಿಕ 1963ರ ಶೀರ್ಷಿಕೆ ಸಂಗೀತದ ಮೂಲರೂಪಕ್ಕೆ ಬನ್ನಿ. ಮುಂದಿನ ದಶಕಗಳಲ್ಲಿ ಅದನ್ನು ಹಲವು ಬಾರಿ ಹೊಸದಾಗಿ ಕಟ್ಟಿದ್ದಾರೆ, ಅವು ಬೇಡ. ಅಹಮದಾಬಾದಿನ ಟೇಪುಗಳನ್ನು ಕೊನೆಗಿಟ್ಟುಕೊಳ್ಳಿ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಒಂದು ತಂತಿಯಿಂದ ಹುಟ್ಟಿದ ಆ ಮಂದ್ರದ ಪಲುಕು ಅದರಲ್ಲಿ ಸರಿಯಾಗಿ ಕೇಳಿಸುವುದಿಲ್ಲ.

— ಸಂಪಾದಕ