ಹಳೇ 407 ಬೆಳಿಗ್ಗೆ "ಟಕ್" ಅಂದು ಸುಮ್ಮನಾಗುತ್ತೆ, ಹೊಸ ಬ್ಯಾಟರಿ ಹಾಕಿದ್ರೂ ಅದೇ ಕತೆ, ಏನ್ ಮಾಡ್ಲಿ?

ನೀವು ಬರ್ದಿರೋದು ಇಷ್ಟು: 2003ರ ಟಾಟಾ 407 ಚಿಕ್ಕ ಲಾರಿ, ಬೆಳಿಗ್ಗೆ ಕೀ ತಿರುವಿದ್ರೆ ಟಕ್ ಅಂತ ಒಂದು ಸೌಂಡು ಬಂದು ಸುಮ್ಮನಾಗುತ್ತೆ, ಹೆಡ್‌ಲೈಟ್ ಮಂಕಾಗುತ್ತೆ, ನಾಲ್ಕು ಜನ ತಳ್ಳಿದ್ರೆ ಒಂದೇ ಸಲಕ್ಕೆ ಸ್ಟಾರ್ಟು, ಹೊಸ ಬ್ಯಾಟರಿ ಹಾಕಿಸಿ ಮೂರು ವಾರ ಆಗಿಲ್ಲ, ಈಗ ಎಲೆಕ್ಟ್ರಿಷಿಯನ್ ಸೆಲ್ಫ್ ಮೋಟರೇ (ಕೀ ತಿರುವಿದಾಗ ಎಂಜಿನ್ ತಿರುಗಿಸೋ ಮೋಟರ್) ಬದಲಾಯಿಸಿ ಅಂತಿದಾರೆ. ಸದ್ಯಕ್ಕೆ ಬದಲಾಯಿಸ್ಬೇಡಿ. ಜೇಬಿಗೆ ಕೈ ಹಾಕೋ ಮುಂಚೆ ಒಂದು ಮಲ್ಟಿಮೀಟರ್ (ವೋಲ್ಟ್, ಆಂಪಿಯರ್ ಅಳೆಯೋ ಮೀಟರ್), ಒಂದು ಜಂಪರ್ ಕೇಬಲ್ (ಎರಡೂ ತುದಿಗೆ ಕ್ಲಿಪ್ ಇರೋ ದಪ್ಪ ಬ್ಯಾಟರಿ ವೈರು) ಯಾರ ಹತ್ರನಾದ್ರೂ ಇಸ್ಕೊಳ್ಳಿ.

ತಳ್ಳಿದ್ರೆ ತಕ್ಷಣ ಸ್ಟಾರ್ಟ್ ಆಗುತ್ತೆ ಅಂದ್ಮೇಲೆ ಎಂಜಿನ್ನು, ಡೀಸೆಲ್ ಲೈನು ಎರಡೂ ಚೆನ್ನಾಗಿದೆ. ಹಳೇ ಮೈಕೋ ಪಂಪಿನ (ಎಂಜಿನ್ನಿಗೆ ಡೀಸೆಲ್ ಹೊಡೆಯೋ ಮೆಕ್ಯಾನಿಕಲ್ ಪಂಪು) ಗಾಡಿಗೆ ಓಡೋಕೆ ಕರೆಂಟಿನ ಹಂಗೇ ಇಲ್ಲ, ಅದಕ್ಕೇ ತಳ್ಳಿದ್ರೆ ಬರುತ್ತೆ. ಸೆಲ್ಫ್ ಜೋರಾಗಿ ತಿರುಗಿನೂ ಸ್ಟಾರ್ಟ್ ಆಗ್ಲಿಲ್ಲ ಅನ್ನೋ ಹಾಗಿದ್ರೆ ಡೀಸೆಲ್ ಲೈನಲ್ಲಿ ಏರ್ ಹಿಡಿದಿದ್ಯಾ, ಫಿಲ್ಟರ್ ಕಟ್ಟಿದ್ಯಾ ಅಂತ ನೋಡ್ಬೇಕಿತ್ತು, ನಿಮ್ದು ಅದಲ್ಲ.

ನಂದೂ 407ಏ, ಸಕಲೇಶಪುರದ ಕಡೆ ಶುಂಠಿ, ಕಾಫಿ ಮೂಟೆ ಹೊಡೀತಿದ್ದೆ. ಒಂದು ಸಲ ಕ್ಲಚ್ ಪ್ಲೇಟ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿದ್ರು. ಅದಾಗಿ ಒಂದು ವಾರಕ್ಕೆ ನಿಮ್ಮ ಥರನೇ ಟಕ್, ಸುಮ್ಮನೆ. ಬ್ಯಾಟರಿ ಹೊಸದು ಹಾಕ್ಸಿದೆ, ಸೆಲ್ಫ್ ಬಿಚ್ಚಿಸಿ ಕಾರ್ಬನ್ (ಮೋಟರ್ ಒಳಗೆ ಕರೆಂಟ್ ಕೊಡೋ ಬ್ರಷ್) ಬದಲಾಯಿಸ್ದೆ, ಬುಷ್ ಹಾಕ್ಸಿದೆ, ಎರಡು ದಿನ ಸರಿ ಹೋದ ಹಾಗೆ ಆಗಿ ಮತ್ತೆ ಅದೇ. ಡಿಸೆಂಬರ್ ಚಳಿಲಿ ಒಂದು ಬೆಳಿಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆದು ಹೊಡೆದು ಕೊನೆಗೆ ಹೆಂಗೋ ಸ್ಟಾರ್ಟ್ ಆಯ್ತು, ಲೋಡ್ ಇನ್ನೂ ಬಂದಿಲ್ಲ ಆಫ್ ಮಾಡೋಣ ಅಂತ ಸ್ಟಾಪರ್ ಗುಬ್ಬಿ (ಡೀಸೆಲ್ ಕಟ್ ಮಾಡಿ ಎಂಜಿನ್ ನಿಲ್ಲಿಸೋದು) ಎಳೆಯೋಕೆ ಹೋದ್ರೆ ಕೈ ಚುರ್ ಅಂತು. ಬಗ್ಗಿ ನೋಡಿದ್ರೆ ಸ್ಟಾಪರ್ ಕೇಬಲ್ ಮೇಲಿನ ಪ್ಲಾಸ್ಟಿಕ್ಕು ಹಪ್ಪಳ ಕರಿದಾಗ ಉಬ್ಬುತ್ತಲ್ಲ ಹಾಗೆ ಗುಳ್ಳೆ ಗುಳ್ಳೆ ಎದ್ದಿದೆ, ಸುಟ್ಟ ವಾಸನೆ ಬೇರೆ. ಆವಾಗ್ಲೇ ತಲೆಗೆ ಹೊಳೆದಿದ್ದು, ಸೆಲ್ಫಿನ ಕರೆಂಟೆಲ್ಲ ಈ ಬಡಪಾಯಿ ಕೇಬಲ್ ಮೇಲೆ ಹಾದು ಹೋಗ್ತಿದೆ ಅಂತ.

ಯಾಕೆ ಅಂದ್ರೆ, ಬ್ಯಾಟರಿ ಮೈನಸ್ ಬಂದು ಚಾಸಿಗೆ ಬೋಲ್ಟ್ ಆಗಿರುತ್ತೆ, ಆದ್ರೆ ಎಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಲ್ಲಿ ಕರೆಂಟ್ ಹೋಗಲ್ವಲ್ಲ, ಅದಕ್ಕೆ ಎಂಜಿನ್ ಇಲ್ಲಾ ಗೇರ್‌ಬಾಕ್ಸಿಂದ ಚಾಸಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಕೊಟ್ಟಿರ್ತಾರೆ, ಅರ್ತ್ ಪಟ್ಟಿ ಅಂತಾರೆ. ಗೇರ್‌ಬಾಕ್ಸ್ ಇಳಿಸಿದವ್ರು ಅದನ್ನ ಬಿಚ್ಚಿ ವಾಪಸ್ ಹಾಕೋದೇ ಮರೆತಿದ್ರು. ಸೆಲ್ಫ್ ಒದೆಯೋವಾಗ ಎಳೆಯೋದು ನೂರಾರು ಆಂಪಿಯರ್, ನೆಟ್ಟಗೆ ದಾರಿ ಇಲ್ಲ ಅಂದ್ರೆ ಸ್ಟಾಪರ್ ಕೇಬಲ್ಲು, ಸ್ಪೀಡೋಮೀಟರ್ ಕೇಬಲ್ಲು, ಎಲ್ಲಿ ಎಂಜಿನ್ನಿಗೂ ಬಾಡಿಗೂ ಕಬ್ಬಿಣ ತಾಗಿದ್ಯೋ ಅಲ್ಲೆಲ್ಲ ನುಗ್ಗುತ್ತೆ. ಲೆಕ್ಕ ಹಾಕಿ, 300 ಆಂಪಿಯರ್ ಹೋಗೋ ದಾರಿಲಿ ಬರೀ 0.01 ಓಮ್ ಅಡ್ಡ ಇದ್ರೂ 3 ವೋಲ್ಟ್ ಅಲ್ಲೇ ಮಾಯ, 12ರಲ್ಲಿ 3 ಹೋದ್ರೆ ಸೆಲ್ಫಿಗೆ ಉಳಿಯೋದೇನು. ಮಲ್ಟಿಮೀಟರಲ್ಲಿ ಓಮ್ ಇಟ್ಟು ಚೆಕ್ ಮಾಡಿದ್ರೆ ಇದು ಸಿಗಲ್ಲ, ಬೀಪ್ ಅಂತ ಚೆನ್ನಾಗೇ ತೋರಿಸುತ್ತೆ. ಕರೆಂಟ್ ಓಡ್ತಿರೋವಾಗ್ಲೇ ಅಳೀಬೇಕು.

ಹೆಂಗೆ ಅಂದ್ರೆ: ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಸ್ಟಾಪರ್ ಎಳೆದು ಹಿಡ್ಕೊಂಡು ಒಬ್ರು ಸೆಲ್ಫ್ ಹೊಡೀಲಿ. ನೀವು ಮೀಟರನ್ನ ಡಿಸಿ ವೋಲ್ಟ್‌ಗಿಟ್ಟು ಒಂದು ಮುಳ್ಳು ಬ್ಯಾಟರಿ ಮೈನಸ್ ಸೀಸದ ಕಂಬದ ಮೇಲೆ (ವೈರಿನ ಕ್ಲ್ಯಾಂಪ್ ಮೇಲಲ್ಲ), ಇನ್ನೊಂದು ಎಂಜಿನ್ ಬ್ಲಾಕಿನ ಬರೀ ಕಬ್ಬಿಣದ ಮೇಲೆ ಒತ್ತಿ ಹಿಡೀರಿ. 0.2, 0.3 ವೋಲ್ಟ್ ತೋರಿಸಿದ್ರೆ ಅರ್ತ್ ಸರಿ ಇದೆ. ನನ್ ಗಾಡಿಲಿ 2.8 ತೋರಿಸ್ತು. ಆಮೇಲೆ ಇದೇ ಥರ ಪ್ಲಸ್ ಸೀಸದಿಂದ ಸೆಲ್ಫ್ ಮೇಲಿನ ದಪ್ಪ ಬೋಲ್ಟಿಗೆ, ಅಲ್ಲಿ ಅರ್ಧ ವೋಲ್ಟ್ ದಾಟಬಾರ್ದು. ಮೂರನೇದು ಬ್ಯಾಟರಿ ಪ್ಲಸ್ಸಿಂದ ಮೈನಸ್ಸಿಗೆ, ಸೆಲ್ಫ್ ಹೊಡೆಯೋವಾಗ 9.6ಕ್ಕಿಂತ ಕೆಳಗೆ ಹೋದ್ರೆ ಬ್ಯಾಟರಿ ಚಾರ್ಜ್ ಇಲ್ಲ ಇಲ್ಲಾ ಸೆಲ್ಫ್ ಒಳಗೆ ಹಿಡೀತಿದೆ. ಕೇಬಲ್ ಎಲ್ಲ ಸರಿ, ಬ್ಯಾಟರಿನೂ 12ರ ಆಸುಪಾಸಲ್ಲೇ ನಿಂತಿದೆ, ಆದ್ರೂ ಒಂದೇ ಒಂದು ಟಕ್ ಅಂದು ನಿಂತ್ರೆ ಆವಾಗ ಸೊಲೆನಾಯ್ಡ್ (ಸೆಲ್ಫಿಗೆ ಕರೆಂಟ್ ಕೊಡೋ ದೊಡ್ಡ ಸ್ವಿಚ್ಚು) ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ ಇಲ್ಲಾ ಕಾರ್ಬನ್ ಸವೆದಿದೆ ಅನ್ಕೊಳ್ಳಿ. ನಿಮ್ದ್ರಲ್ಲಿ ಲೈಟ್ ಮಂಕಾಗುತ್ತೆ ಅಂದ್ರಲ್ಲ, ಅದಕ್ಕೇ ನಾನು ಮೊದಲು ಕೇಬಲ್ಲು, ಚಾರ್ಜು ಅಂತಿರೋದು.

ಮೀಟರ್ ಇಲ್ವಾ, ಜಂಪರ್ ಕೇಬಲ್ಲಿನ ಒಂದು ವೈರ್ ಮಾತ್ರ ತಗೊಂಡು ಬ್ಯಾಟರಿ ಮೈನಸ್ಸಿಂದ ನೇರ ಎಂಜಿನ್ ಬ್ಲಾಕಿಗೆ ಕಚ್ಚಿಸಿ ಸೆಲ್ಫ್ ಹೊಡೀರಿ. ಸರ್ರ್ ಅಂತ ತಿರುಗಿದ್ರೆ ಕಳ್ಳ ಸಿಕ್ಕ. ಐದು ನಿಮಿಷದ ಕೆಲಸ. ಸ್ಕ್ರೂಡ್ರೈವರ್ ಇಟ್ಟು ಸೊಲೆನಾಯ್ಡ್ ಶಾರ್ಟ್ ಮಾಡೋ ಚಾಳಿ ಎಲ್ಲ ಕಡೆ ಇದೆ, ಗಾಡಿ ಕೆಳಗೆ ಮಲಗಿ ಅದನ್ನ ಮಾತ್ರ ಮಾಡ್ಬೇಡಿ, ಗೇರಲ್ಲಿದ್ರೆ ಗಾಡಿ ಮೈ ಮೇಲೇ ಬರುತ್ತೆ.

ಕೇಬಲ್ ನೋಡೋವಾಗ ಮೇಲಿಂದ ಮೇಲೆ ನೋಡ್ಬೇಡಿ. ಲಗ್ (ಕೇಬಲ್ ತುದಿಯ ಲೋಹದ ಕಿವಿ) ಹತ್ರ ರಬ್ಬರ್ ಒಂದಿಂಚು ಸೀಳಿ ನೋಡಿ, ಒಳಗೆ ಹಸಿರು ಕಿಲುಬು ಹಿಡಿದು ಎಳೆ ಎಳೆ ಕಪ್ಪಾಗಿದ್ರೆ ಉಜ್ಜಿ ಪ್ರಯೋಜನ ಇಲ್ಲ, ಹೊಸದೇ ಹಾಕ್ಬೇಕು, ಮತ್ತೆ ಹಳೇದಕ್ಕಿಂತ ತೆಳ್ಳಗಿರೋದು ಬೇಡ. ಲಗ್‌ನ ಸುತ್ತಿಗೇಲಿ ಜಜ್ಜಿ ಕೊಡೋರ ಹತ್ರ ಹೋಗ್ಬೇಡಿ, ಪ್ರೆಸ್ ಮಾಡೋ ಅಂಗಡಿ ಹುಡುಕಿ. ಚಾಸಿ ಮೇಲೆ ಬೋಲ್ಟ್ ಕೂರೋ ಜಾಗದ ಪೇಂಟು, ತುಕ್ಕು ಎಲ್ಲ ಎಮೆರಿ ಪೇಪರಲ್ಲಿ ಹೊಳೆಯೋ ತನಕ ಉಜ್ಜಿ, ಟೈಟ್ ಮಾಡಿ, ಆಮೇಲೆ ಮೇಲೊಂದಿಷ್ಟು ಗ್ರೀಸ್. ಗ್ರೀಸ್ ಮೊದಲು ಹಚ್ಚೋದಲ್ಲ.

ಇನ್ನು ಹೊಸ ಬ್ಯಾಟರಿ ಮೂರೇ ವಾರಕ್ಕೆ ಸೋತಿದ್ರೆ ಚಾರ್ಜ್ ಕಡೆನೂ ನೋಡ್ಬೇಕು. ಎಂಜಿನ್ ಓಡ್ತಾ ರೇಸ್ ಕೊಟ್ಟಾಗ ಬ್ಯಾಟರಿ ಮೇಲೆ 13.8ರಿಂದ 14.4 ಇರ್ಬೇಕು. ಇಲ್ಲ ಅಂದ್ರೆ ಮೊದಲು ಬೆಲ್ಟ್ ಸಡಿಲ ಆಗಿದ್ಯಾ ಅಂತ ಒತ್ತಿ ನೋಡಿ, ಆಮೇಲೆ ಡ್ಯಾಶ್‌ಬೋರ್ಡಿನ ಬ್ಯಾಟರಿ ಬಲ್ಬು. ನಗಬೇಡಿ, ಕೀ ಆನ್ ಮಾಡಿದಾಗ ಆ ಕೆಂಪು ಬಲ್ಬ್ ಹತ್ತಲ್ಲ ಅಂದ್ರೆ ಆಲ್ಟರ್ನೇಟರಿಗೆ (ಎಂಜಿನ್ ಓಡೋವಾಗ ಬ್ಯಾಟರಿ ಚಾರ್ಜ್ ಮಾಡೋದು) ಮೊದಲ ಕರೆಂಟ್ ಸಿಗದೆ ಚಾರ್ಜ್ ಶುರುನೇ ಆಗದೆ ಇರಬಹುದು, ಚಿಲ್ಲರೆ ಕಾಸಿನ ಬಲ್ಬಿಗೋಸ್ಕರ ಆಲ್ಟರ್ನೇಟರ್ ಬಿಚ್ಚಿಸಿದವ್ರನ್ನ ನೋಡಿದೀನಿ. ಬ್ಯಾಟರಿ ವೈರ್ ಕಿತ್ತು ಎಂಜಿನ್ ನಿಲ್ಲುತ್ತಾ ಅಂತ ನೋಡೋ ಪರೀಕ್ಷೆ ಹಳೇ ಡೈನಮೋ ಕಾಲದ್ದು, ಈಗ ಮಾಡಿದ್ರೆ ಆಲ್ಟರ್ನೇಟರ್ ಒಳಗಿನ ಡಯೋಡ್ (ಕರೆಂಟನ್ನ ಒಂದೇ ಕಡೆ ಬಿಡೋ ಭಾಗ) ಹಾರಬಹುದು.

ರಾತ್ರಿ ಕರೆಂಟ್ ಸೋರಿಕೆಗೆ ಒಂದು ಸುಲಭದ ಉಪಾಯ ಇದೆ, ಬೆಳಿಗ್ಗೆ ಕೀ ಮುಟ್ಟೋ ಮುಂಚೆ ಆಲ್ಟರ್ನೇಟರ್ ಮೇಲೆ ಅಂಗೈ ಇಡಿ. ರಾತ್ರಿಯೆಲ್ಲ ನಿಂತ ಗಾಡಿಲಿ ಅದೊಂದೇ ಬೆಚ್ಚಗಿದ್ರೆ ಡಯೋಡ್ ಲೀಕ್. ತಣ್ಣಗಿದ್ರೆ ಎಲ್ಲ ಆಫ್ ಮಾಡಿ, ಮೈನಸ್ ವೈರ್ ಬಿಚ್ಚಿ, ಮಧ್ಯೆ ಮೀಟರನ್ನ 10 ಆಂಪಿಯರ್‌ಗಿಟ್ಟು ನೋಡಿ. ಈ ಗಾಡಿಲಿ ಇಸಿಯು (ಎಂಜಿನ್ ಕಂಪ್ಯೂಟರ್) ಗಿಸಿಯು ಏನೂ ಇಲ್ಲ, ಸೊನ್ನೆ ಹತ್ರನೇ ಇರ್ಬೇಕು, 50 ಮಿಲಿಆಂಪಿಯರ್ ದಾಟಿದ್ರೆ ಒಂದೊಂದೇ ಫ್ಯೂಸ್ ಕೀಳ್ತಾ ಹೋಗಿ (ಮೀಟರ್ ಹಾಗೇ ಇರೋವಾಗ ಸೆಲ್ಫ್ ಮಾತ್ರ ಹೊಡೀಬೇಡಿ, ಮೀಟರ್ ಹೋಗುತ್ತೆ). ನನ್ ಅನುಭವದಲ್ಲಿ ಕಂಪ್ನಿ ವೈರಿಂಗ್ ಅಪರೂಪಕ್ಕೆ ತಪ್ಪು ಮಾಡುತ್ತೆ, ಆಯುಧಪೂಜೆಗೆ ಅಂತ ಹಾಕಿಸಿದ ಎಲ್‌ಇಡಿ ಪಟ್ಟಿ, ಫ್ಯೂಸೇ ಇಲ್ದೆ ನೇರ ಬ್ಯಾಟರಿಯಿಂದ ಎಳೆದ ಟೇಪು, ಇವೇ ರಕ್ತ ಹೀರೋದು.

ಕೆಳಗೆ ಇನ್ನೊಬ್ರು ತಮ್ಮ ಟಾಟಾ 1613 ಲಾರಿಗೂ ಇದೇನಾ ಅಂತ ಕೇಳಿದಾರೆ. ವಿಧಾನ ಅದೇ, ಆದ್ರೆ ಅದು 24 ವೋಲ್ಟ್, ಎರಡು ಬ್ಯಾಟರಿ ಸೀರೀಸಲ್ಲಿರುತ್ತೆ, ಚಾರ್ಜ್ 28ರ ಆಸುಪಾಸು. ಟೇಪಿಗೆ, ಮೊಬೈಲ್ ಚಾರ್ಜರಿಗೆ ಅಂತ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದ್ದಿದ್ರೆ ಮೊದಲು ಅದನ್ನ ಕಿತ್ತು ಹಾಕಿ, ಒಂದು ಬ್ಯಾಟರಿ ಹಸಿದಿರುತ್ತೆ, ಇನ್ನೊಂದು ಓವರ್‌ಚಾರ್ಜ್ ಆಗಿ ನೀರು ಕುದಿಸ್ಕೊಳ್ಳುತ್ತೆ, ಎರಡೂ ಹಾಳು.

ಕೆಲಸ ಶುರು ಮಾಡೋ ಮುಂಚೆ ಕೈಲಿರೋ ಕಡಗ, ಉಂಗುರ ತೆಗೆದು ಜೇಬಿಗೆ ಹಾಕಿ, ಬಿಚ್ಚೋವಾಗ ಮೈನಸ್ ಮೊದಲು, ಹಾಕೋವಾಗ ಮೈನಸ್ ಕೊನೆಗೆ. ಆ ಮೂರು ರೀಡಿಂಗ್ ಎಷ್ಟು ಬಂತು ಅಂತ ಇಲ್ಲೇ ಹಾಕಿ, ಸೆಲ್ಫ್ ಬಿಚ್ಚೋದಾ ಬೇಡ್ವಾ ಅಂತ ಆವಾಗ ಹೇಳ್ತೀನಿ.